ಬೇಟೆಯ ರೈಫಲ್ಲಿನ ತಿರುಪುಗಳನ್ನು ಬಿಗಿಮಾಡುವ ಕ್ರಮ

ಪೈರನ್ನು ಕಾಯುವುದಕ್ಕಾಗಿ ಲೈಸೆನ್ಸು ಪಡೆದು ರೈಫಲ್ಲನ್ನಿಟ್ಟುಕೊಂಡಿರುವ ಹಿಡುವಳಿದಾರರು ನಳಿಗೆಯನ್ನು ಒರೆಸಿ ಎಣ್ಣೆ ಹಚ್ಚುವುದನ್ನು ಮರೆಯುವುದಿಲ್ಲ. ಆದರೆ ಉಕ್ಕಿನ ಭಾಗವನ್ನು ಮರಕ್ಕೆ ಹಿಡಿದಿಟ್ಟಿರುವ ತಿರುಪುಗಳನ್ನು ಪರೀಕ್ಷಿಸುವವರು ಕಡಮೆ. ಇವು ಸಡಿಲವಾದರೆ ಗುಂಡು ಗುರಿ ತಪ್ಪುವುದು. ಗಾಯಗೊಂಡ ಹಂದಿಯು ಕಬ್ಬಿನ ಗದ್ದೆಯನ್ನು ಹೊಕ್ಕರೆ, ಬೆಳಿಗ್ಗೆ ಅಲ್ಲಿ ಕೆಲಸಕ್ಕಿಳಿಯುವ ಆಳುಗಳ ಪ್ರಾಣಕ್ಕೇ ಅಪಾಯವುಂಟು.

ತಿರುಪುಗಳ ಕೆಲಸ

ಜರ್ಮನಿಯ ಪಾಲ್ ಮೌಸರನು ರೂಪಿಸಿದ ೧೮೯೮ರ ಮಾದರಿಯನ್ನು ಅನುಸರಿಸಿ ಅನೇಕ ಬೇಟೆಯ ರೈಫಲ್ಲುಗಳು ತಯಾರಾಗಿವೆ. ಇದರಲ್ಲಿ ಮುಖ್ಯವಾದ ತಿರುಪುಗಳು ಎರಡು. ಮುಂದಿನದು ಮ್ಯಾಗಜೀನಿನ ಮುಂಭಾಗದಲ್ಲಿಯೂ, ಹಿಂದಿನದು ಕುದುರೆಯ ಹಿಂಭಾಗದಲ್ಲಿಯೂ ಇರುತ್ತವೆ. ಗುಂಡು ಹಾರಿದಾಗಿನ ಒದೆತವನ್ನು ತಿರುಪುಗಳು ತಡೆಯತಕ್ಕದ್ದಲ್ಲ; ಉಕ್ಕಿನ ಅಡಿಯಲ್ಲಿರುವ ಒಂದು ಗಟ್ಟಿಯಾದ ಚಾಚು ಮರದ ಮೆಟ್ಟಿಲಿಗೆ ಒರಗಿ ಅದನ್ನು ತಡೆಯುತ್ತದೆ. ಈ ಚಾಚು ಮರಕ್ಕೆ ಕೂಡಿಕೊಂಡಿರುವಂತೆ ಹಿಡಿದಿಡುವುದೇ ತಿರುಪುಗಳ ಕೆಲಸ. ಅವು ಸಡಿಲಿಸಿದರೆ ಪ್ರತಿ ಒದೆತಕ್ಕೂ ಉಕ್ಕು ಹಿಂದಕ್ಕೆ ಬಡಿದು, ಕ್ರಮೇಣ ಹಿಂದಿನ ತಿರುಪಿನ ಬಳಿ ಮರವು ಸೀಳುತ್ತದೆ.

ಬಿಗಿಮಾಡುವ ಕ್ರಮ

೧. ಮೊದಲು ತೋಟಾಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಡಬೇಕು. ಬೋಲ್ಟನ್ನು ಹೊರಕ್ಕೆ ತೆಗೆದು, ನಳಿಗೆಯು ಬರಿದಾಗಿರುವುದನ್ನು ಬೆಳಕಿನಲ್ಲಿ ಕಣ್ಣಾರೆ ನೋಡಬೇಕು.

೨. ತಿರುಪಿನ ತಲೆಯ ಸೀಳನ್ನು ಪೂರ್ತಿಯಾಗಿ ತುಂಬುವ, ಅಲಗಿನ ಎರಡು ಮುಖಗಳೂ ಸಮಾನಾಂತರವಾಗಿರುವ ಸ್ಕ್ರೂಡ್ರೈವರನ್ನೇ ಬಳಸಬೇಕು. ಬಡಗಿಯ ಸಾಮಾನಿನದು ಬೆಣೆಯಾಕಾರವಾಗಿರುವುದರಿಂದ ಜಾರಿ ಸೀಳನ್ನು ಕೆಡಿಸುತ್ತದೆ. ಹಳೆಯ ಸೈನ್ಯದ ಮೌಸರುಗಳಲ್ಲಿ ದೊಡ್ಡ ತಿರುಪಿನ ಪಕ್ಕದಲ್ಲಿ ಚಿಕ್ಕದೊಂದು ತಡೆ ತಿರುಪು ಇದ್ದರೆ, ಅದನ್ನು ಮುಂಚೆಯೇ ತೆಗೆಯಬೇಕು.

೩. ರೈಫಲ್ಲನ್ನು ದಪ್ಪ ಚಾಪೆಯ ಮೇಲೆ ಹಿಂಬದಿಯೂರಿ ನೆಟ್ಟಗೆ ನಿಲ್ಲಿಸಬೇಕು. ಎರಡು ತಿರುಪುಗಳನ್ನೂ ಬೆರಳಿನಿಂದಲೇ ಹತ್ತಿಸಿ, ನಳಿಗೆಯನ್ನು ಕೆಳಕ್ಕೆ ಮೆಲ್ಲಗೆ ಒತ್ತಿದರೆ ಚಾಚು ತನ್ನ ಮೆಟ್ಟಿಲಿಗೆ ಕೂಡಿಕೊಳ್ಳುತ್ತದೆ.

೪. ಮೊದಲು ಮುಂದಿನ ತಿರುಪನ್ನೂ ಅನಂತರ ಹಿಂದಿನದನ್ನೂ ಸ್ವಲ್ಪ ಸ್ವಲ್ಪವಾಗಿ, ಸರದಿಯಂತೆ ಬಿಗಿಮಾಡಬೇಕು. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಕೈಹಾಕಬಾರದು.

೫. ೧೯೩೬ರಲ್ಲಿ ಹೊರಬಂದ ವಿಂಚೆಸ್ಟರ್ ೭೦ನೆಯ ಮಾದರಿಯಲ್ಲಿ ಮೂರು ತಿರುಪುಗಳಿವೆ. ಅದರ ನಡುವಿನದನ್ನು ಕೊನೆಯಲ್ಲಿ ಹಗುರವಾಗಿ ಮಾತ್ರ ತಾಗಿಸಬೇಕು. ಅದನ್ನು ಬಲವಾಗಿ ಬಿಗಿದರೆ ಉಕ್ಕು ಬಾಗಿ ಗುರಿ ಕೆಡುತ್ತದೆ.

ಎಷ್ಟು ಬಿಗಿಯಾಗಿರಬೇಕು?

ಒಂದು ಅಂಗುಲ ಉದ್ದದ ತೋಳಿನ ತುದಿಯಲ್ಲಿ ಒಂದು ಪೌಂಡು ಭಾರ ಜಗ್ಗುವ ಬಲಕ್ಕೆ ಒಂದು ಅಂಗುಲ-ಪೌಂಡು ಎಂದು ಹೆಸರು. ಬರೀ ಮರದ ಹಿಡಿಗೆ ಸಾಮಾನ್ಯವಾಗಿ ೩೦ರಿಂದ ೪೦ ಅಂಗುಲ-ಪೌಂಡು ಸಾಕು; ೩೫ ಎಂದರೆ ಐದು ಅಂಗುಲದ ತೋಳಿನ ತುದಿಯಲ್ಲಿ ಏಳು ಪೌಂಡು. ತಿರುಪಿನ ರಂಧ್ರದಲ್ಲಿ ಲೋಹದ ಕೊಳವೆಯನ್ನು ಕೂರಿಸಿರುವ ಹಿಡಿಗಳು ೬೫ರವರೆಗೂ ತಾಳುತ್ತವೆ. ತಯಾರಕರು ಬೇರೆ ಅಳತೆಯನ್ನು ತಿಳಿಸಿದ್ದರೆ ಅದೇ ಪ್ರಮಾಣ. ಬಲವನ್ನು ಅಳೆದು ತೋರಿಸುವ ಸ್ಕ್ರೂಡ್ರೈವರು ಈಗ ದೊರೆಯುವುದರಿಂದ ಅಂದಾಜಿನ ಮೇಲೆ ನಿಲ್ಲಬೇಕಾಗಿಲ್ಲ. ಬಲ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು. ಹೆಚ್ಚಾದರೆ ಮರದ ನಾರು ನಲುಗಿ ಮತ್ತೆ ಸಡಿಲವಾಗುತ್ತದೆ. ಪ್ರತಿ ಸಲವೂ ಒಂದೇ ಸಮನಾದ ಬಿಗಿ ಇರುವುದು ಮುಖ್ಯ.

ಪರೀಕ್ಷೆ

ನಳಿಗೆಯೂ ಮರದ ಮುಂತುದಿಯೂ ಸೇರುವೆಡೆಯಲ್ಲಿ ಬೆರಳನ್ನಿಟ್ಟು ಮುಂದಿನ ತಿರುಪನ್ನು ನಿಧಾನವಾಗಿ ಸಡಿಲಿಸಿ ನೋಡಬೇಕು. ಬೆರಳಿಗೆ ಅಲುಗಾಟ ತಿಳಿದರೆ ಉಕ್ಕು ಮರದಲ್ಲಿ ಸಮನಾಗಿ ಕುಳಿತಿಲ್ಲವೆಂದರ್ಥ. ತಿರುಪಿನಿಂದ ಈ ದೋಷ ಸರಿಹೋಗದು. ಲೈಸೆನ್ಸುಳ್ಳ ಕೋವಿ ಕೆಲಸಗಾರನಲ್ಲಿಗೆ ಒಯ್ಯಬೇಕು. ಕೂಡಿಸಿದ ಮೇಲೆ ತಿರುಪಿನ ಸೀಳು ಯಾವ ದಿಕ್ಕಿಗೆ ನಿಂತಿತೆಂಬುದನ್ನು ಬರೆದಿಟ್ಟರೆ, ಮುಂದೆ ಅದು ಸರಿದದ್ದು ನೋಡಿದೊಡನೆ ತಿಳಿಯುವುದು.

ಎಚ್ಚರಿಕೆಗಳು

ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಆದುದರಿಂದ ಮುಂಗಾರಿಗೆ ಮೊದಲೊಮ್ಮೆ, ಸುಗ್ಗಿಯ ಬಳಿಕ ಒಮ್ಮೆ ತಿರುಪುಗಳನ್ನು ನೋಡುವುದು ಲೇಸು. ಎಣ್ಣೆಯನ್ನು ಅತಿಯಾಗಿ ಸುರಿಯಬಾರದು. ಅದು ಇಳಿದು ಮರವನ್ನು ಮೆದುಮಾಡುತ್ತದೆ.

ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲಿನ ಮರ ಎರಡು ತುಂಡಾಗಿರುತ್ತದೆ. ಮುಂದಿನ ಮರವನ್ನು ಬಿಚ್ಚದೆ ಹಿಂದಿನ ಮರದೊಳಗಿನ ಉದ್ದನೆಯ ಬೋಲ್ಟನ್ನು ತಿರುಗಿಸಿದರೆ ಮುಂದಿನ ಮರ ಸೀಳಿಹೋಗಬಹುದು.

ಕೆಲಸ ಮುಗಿದ ಮೇಲೆ, ಅನುಮತಿಯುಳ್ಳ ಸ್ಥಳದಲ್ಲಿ, ಹಿಂದೆ ಎತ್ತರವಾದ ಮಣ್ಣಿನ ದಿಬ್ಬವಿರುವಂತೆ ಗುರಿಯನ್ನಿಟ್ಟು ಪರೀಕ್ಷಿಸದೆ ರೈಫಲ್ಲನ್ನು ಹೊಲಕ್ಕೆ ಒಯ್ಯತಕ್ಕದ್ದಲ್ಲ. ೧೯೫೯ರ ಆಯುಧ ಕಾಯಿದೆಯಂತೆ ಲೈಸೆನ್ಸೂ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಗಳ ಅಪ್ಪಣೆಯೂ ಇಲ್ಲದೆ ಪೈರನ್ನು ಹಾಳುಮಾಡುವ ಕಾಡುಪ್ರಾಣಿಯನ್ನು ಹೊಡೆಯುವುದು ಅಪರಾಧ. ಗ್ರಾಮದ ಮುಖ್ಯಸ್ಥರು ಈ ವಿಷಯಗಳನ್ನು ತಮ್ಮ ಊರಿನಲ್ಲಿ ಕೋವಿಯಿರುವವರೆಲ್ಲರಿಗೂ ಓದಿ ಹೇಳಿದರೆ ಉಪಕಾರವಾಗುವುದು.