ಲೆಕ್ಕದ ಕಡತಕ್ಕೆ ಬೀಗ: ಯುನಿಕ್ಸ್ ಅನುಮತಿಗಳ ಕಿರುಪಾಠ

ಖಾತೆಪುಸ್ತಕಗಳ ಕಾಲದಲ್ಲಿ ಬೀರುವಿನ ಬೀಗದ ಕೈ ಯಜಮಾನರ ಬಳಿ ಇರುತ್ತಿತ್ತು. ಲೆಕ್ಕವು ಸರ್ವರಿಗೆ ಸೇರಿದ ಮೇಲೆ ಆ ಸ್ಥಾನವನ್ನು ಕಡತದ ಅನುಮತಿಗಳು ಪಡೆದಿವೆ. ಯುನಿಕ್ಸ್ ಅಥವಾ ಲಿನಕ್ಸ್ ಸರ್ವರನ್ನು ಬಳಸುವ ಸದಸ್ಯರು ಇವುಗಳನ್ನು ಅರಿತಿರುವುದು ಒಳಿತು.

‘ಎಲ್‌ಎಸ್ -ಎಲ್’ ಎಂಬ ಆಜ್ಞೆಯು ಪ್ರತಿ ಕಡತದ ಅನುಮತಿಗಳನ್ನು ತೋರಿಸುತ್ತದೆ. ಅನುಮತಿ ಪಡೆಯುವವರು ಮೂರು ವರ್ಗದವರು: ಒಡೆಯ, ಗುಂಪು, ಇತರರು. ಓದಲು 4, ಬರೆಯಲು 2, ಕಾರ್ಯಗತಗೊಳಿಸಲು 1. ಇವುಗಳ ಮೊತ್ತವೇ ಆಯಾ ವರ್ಗದ ಅಂಕಿ. ‘ಸಿಎಚ್‌ಮಾಡ್ 640’ ಎಂದು ವಿಧಿಸಿದರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ. 777 ಎಂಬುದು ಬೀರುವನ್ನು ತೆರೆದು ಬೀದಿಯಲ್ಲಿಟ್ಟಂತೆ.

ಆದರೆ ಕಡತಕ್ಕೆ 440 ವಿಧಿಸಿದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಅಳಿಸುವ ಹಕ್ಕು ಕಡತದಿಂದಲ್ಲ, ಅದಿರುವ ಡೈರೆಕ್ಟರಿಯಿಂದ ಬರುತ್ತದೆ. ಡೈರೆಕ್ಟರಿಯ ಅನುಮತಿ 770 ಇದ್ದಲ್ಲಿ, ಗುಂಪಿಗೆ ಸೇರಿದ ಗುಮಾಸ್ತನು ತಾನು ತಿದ್ದಲಾಗದ ಲೆಡ್ಜರನ್ನು ‘ಆರ್‌ಎಂ’ ಆಜ್ಞೆಯಿಂದ ಸಾಮಾನ್ಯವಾಗಿ ಅಳಿಸಬಲ್ಲನು. ಹಾಗೆ ಅಳಿಸಿದ್ದು ಕಸದಬುಟ್ಟಿಗೂ ಹೋಗುವುದಿಲ್ಲ. ಆದುದರಿಂದ ಡೈರೆಕ್ಟರಿಗೆ 750 ವಿಧಿಸುವುದು ಲೇಸು.

‘ರೂಟ್’ ಬಳಕೆದಾರನನ್ನು ಮಾತ್ರ ಈ ಅನುಮತಿಗಳು ತಡೆಯಲಾರವು. ಆ ಗುಪ್ತಪದವು ಯಾರ ಬಳಿ ಇದೆಯೆಂಬುದನ್ನು ಯಜಮಾನರು ತಿಳಿದಿರಬೇಕು. ಪ್ರತ್ಯೇಕ ಬ್ಯಾಕಪ್ಪನ್ನೂ ಇಟ್ಟಿರಬೇಕು.

2013ರ ಕಂಪನಿ ಕಾಯಿದೆಯ 128ನೆಯ ಕಲಮಿನಂತೆ ಕಂಪನಿಗಳು ಕನಿಷ್ಠ ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ‘ಕಡತ ಅಳಿಸಿಹೋಯಿತು’ ಎಂಬ ಸಮಜಾಯಿಷಿ ಆಗ ನಿಲ್ಲದು.