ಮಳೆಯಿಲ್ಲದ ಬೆಳೆ: ತೆಲಸಂಗದ ಚಳಿಗಾಲವನ್ನು ಮಕ್ಕಳಿಗೆ ಬರೆದ ಅನುಭವ

ಮಕ್ಕಳಿಗಾಗಿ ಪ್ರಕೃತಿಯನ್ನು ಕುರಿತು ಬರೆಯುವವರಿಗೆ ತಮ್ಮ ಊರಿನ ಋತುಮಾನವೇ ಮೊದಲ ಆಕರವಾಗಬೇಕು, ಕಣ್ಣಾರೆ ಕಂಡು ಬರೆದ ಸಂಗತಿಯನ್ನು ಯಾರ ಒತ್ತಾಯಕ್ಕೂ ತಿರುಚಬಾರದು ಎಂಬುದು ಅಥಣಿ ತಾಲ್ಲೂಕಿನ ತೆಲಸಂಗದಲ್ಲಿ ನೆಲೆಸಿರುವ ಪ್ರಸ್ತುತ ಲೇಖಕಿಯ ಅನುಭವದ ಸಾರವಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವು 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೂ 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೂ ಸಂದಿದ್ದು, ಸುತ್ತಲಿನ ಜೀವಲೋಕವನ್ನು ಬಲ್ಲ ಬರಹಗಾರರಿಗೆ ಬಲ ತುಂಬಿತು. ಆದರೆ ಅವರಿಬ್ಬರೂ ಹಸಿರು ಸೀಮೆಯವರು. ಎರೆನೆಲದ, ಅಂದರೆ ಕಪ್ಪು ಜೇಡಿಮಣ್ಣಿನ ಬಯಲಿನ ಚಳಿಗಾಲವನ್ನು ಮಕ್ಕಳ ಪುಸ್ತಕಕ್ಕೆ ತರುವ ಕೆಲಸ ಇನ್ನೂ ಸಾಕಷ್ಟು ಉಳಿದಿದೆ.

ಈ ಚಳಿಗಾಲದ ನಾಯಕ ಬಿಳಿಜೋಳ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಬಿತ್ತುವ ಹಿಂಗಾರಿ ಜೋಳವು, ಅದರಲ್ಲೂ ಎಂ 35-1 ಎಂಬ ಮಾಲದಂಡಿ ತಳಿಯು, ಮಳೆಗಾಲದಲ್ಲಿ ನೀರು ಹೀರಿ ಉಬ್ಬಿದ ಎರೆಮಣ್ಣು ಒಳಗೆ ಹಿಡಿದಿಟ್ಟ ತೇವವನ್ನು ಆಳದ ಬೇರುಗಳಿಂದ ಎಳೆದುಕೊಂಡು, ಬಿತ್ತನೆಯ ನಂತರ ಮಳೆ ಬಾರದಿದ್ದರೂ ತೆನೆ ಹಿಡಿಯುತ್ತದೆ. ಪಕ್ಕದ ಕಡಲೆ ಹೊಲದಲ್ಲಿ ಎಲೆಗಳ ಸೂಕ್ಷ್ಮ ರೋಮಗಳು ಹುಳಿಯಾದ ಆಮ್ಲವನ್ನು ಒಸರುವುದರಿಂದ, ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆಯಾಡಿಸಿ ಹಿಂಡಿದರೆ ಇಬ್ಬನಿಯೊಂದಿಗೆ ಕಡಲೆಯ ಹುಳಿಯೂ ದೊರೆಯುತ್ತದೆ. ಮಧ್ಯ ಏಷ್ಯಾದ ಕಡೆ ಮರಿ ಮಾಡಿ ಬರುವ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ತೆನೆಗಳಿಗೆರಗಿದರೆ ಅಟ್ಟದ ಮೇಲಿನಿಂದ ರೈತರು ಕವಣೆ ಬೀಸುತ್ತಾರೆ. ಅದೇ ಹಕ್ಕಿಗಳು ಮಿಡತೆಗಳನ್ನೂ ತಿನ್ನುತ್ತವೆ. ಎಳ್ಳಮಾಸಿಯಂದು, ಅಂದರೆ ಎಳ್ಳು ಅಮಾವಾಸ್ಯೆಯಂದು, ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲುವುದು, ಎಳೆ ತೆನೆ ಸುಟ್ಟು ಸೀತನಿ ತಿನ್ನುವುದು ಇದೇ ಕಾಲದಲ್ಲಿ. ಇವೆಲ್ಲವನ್ನೂ ಒಳಗೊಂಡ ಹಸ್ತಪ್ರತಿಯನ್ನು ಲೇಖಕಿಯು ಪ್ರಕಟಣೆಗೆ ಸಹಾಯಧನ ನೀಡುವ ಕಚೇರಿಯೊಂದಕ್ಕೆ ಸಲ್ಲಿಸಿದರು.

ಕರೆ ಬಂದು ಹೋದಾಗ ಅಧಿಕಾರಿಯ ಮೇಜಿನ ಮೇಲೆ ಆ ಹಸ್ತಪ್ರತಿ ತೆರೆದಿತ್ತು. ಮಳೆಯಿಲ್ಲದೆ ಜೋಳ ಬೆಳೆಯುತ್ತದೆ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಬಿದ್ದಿತ್ತು. ನೀರಿಲ್ಲದೆ ಬೆಳೆಯಿಲ್ಲವೆಂದು ಶಾಲೆಯಲ್ಲಿ ಕಲಿಯುವ ಮಕ್ಕಳಿಗೆ ಇದು ತಪ್ಪು ಪಾಠವೆಂದೂ, ಚಳಿಗಾಲದ ಪುಸ್ತಕದಲ್ಲಿ ಹಿಮದ ಚಿತ್ರವೊಂದೂ ಇಲ್ಲದಿರುವುದು ಕೊರತೆಯೆಂದೂ ಅವರು ಹೇಳಿದರು. ಎರೆಮಣ್ಣಿನ ಗುಣವನ್ನು ಲೇಖಕಿ ವಿವರಿಸತೊಡಗಿದಾಗ, ತಲೆಯೆತ್ತದೆಯೇ, ಸಾಲನ್ನು ಸ್ವಹಸ್ತದಿಂದ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರೆ ಕಡತ ಅಂದೇ ಮುಂದೆ ಹೋಗುವುದೆಂದು ತಿಳಿಸಿದರು. ಆದರೆ ಆ ಗಳಿಗೆಯ ನಿಜವಾದ ನೋವು ಅಧಿಕಾರಿಯಿಂದ ಬಂದುದಲ್ಲ. ಜೊತೆಗೆ ಬಂದಿದ್ದ ಅಣ್ಣ, ವರ್ಷವರ್ಷವೂ ಅದೇ ಜೋಳವನ್ನು ತನ್ನ ಕೈಯಾರೆ ಬಿತ್ತಿ, ಒಣಹವೆಯಲ್ಲೇ ರಾಶಿ ಮಾಡಿದವನು, ಕಿಸೆಯಿಂದ ಪೆನ್ನು ತೆಗೆದು ಮುಂದೆ ಚಾಚಿ, ‘ಸಹಿ ಮಾಡಿಬಿಡವಾ ತಂಗಿ, ಒಂದ್ ಸಾಲಿನಿಂದ ಏನಾಕ್ಕೈತಿ’ ಎಂದನು. ತನ್ನ ಹೊಲದ ಸತ್ಯವನ್ನು ಆ ಕೋಣೆಯಲ್ಲಿ ಹೇಳಬಲ್ಲ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಅವನಿಗಿತ್ತು. ಮೇಜಿನಾಚೆ ಕುಳಿತವರ ಮುಂದೆ ಅದನ್ನೇ ಅವನು ಬಿಟ್ಟುಕೊಟ್ಟನು. ಲೇಖಕಿ ಪೆನ್ನು ಮುಟ್ಟಲಿಲ್ಲ, ಹಸ್ತಪ್ರತಿಯನ್ನು ಮಡಚಿಕೊಂಡು ಹೊರಬಂದರು. ಬಸ್ಸಿನಲ್ಲಿ ಅಣ್ಣ ತಂಗಿ ಅಥಣಿಯವರೆಗೂ ಮಾತಾಡಲಿಲ್ಲ, ಆ ಮುನಿಸು ಇಂದಿಗೂ ಪೂರ್ತಿ ಕರಗಿಲ್ಲ. ಪುಸ್ತಕವು ಸಹಾಯಧನವಿಲ್ಲದೆ, ಆ ಸಾಲಿನೊಂದಿಗೇ ಅಚ್ಚಾಯಿತು.

ಈ ಹಾದಿಯಲ್ಲಿ ಬರುವವರಿಗೆ ಕೆಲವು ಸೂಚನೆಗಳನ್ನು ನೀಡಬಹುದು. ಕಂಡದ್ದನ್ನು ಅಂದೇ ದಿನಾಂಕದೊಂದಿಗೆ ಬರೆದಿಡಬೇಕು. ಬೆಳೆ, ಮಣ್ಣಿನ ಸಂಗತಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರಿಂದ ಲಿಖಿತವಾಗಿ ಖಚಿತಪಡಿಸಿಕೊಂಡು ಹಸ್ತಪ್ರತಿಯೊಂದಿಗೆ ಲಗತ್ತಿಸಬೇಕು. ಆಕ್ಷೇಪಣೆಗಳನ್ನು ಬಾಯಿಮಾತಿನಲ್ಲಿ ಸ್ವೀಕರಿಸದೆ ಬರವಣಿಗೆಯಲ್ಲಿ ಕೇಳಬೇಕು. ಹಿಮದ ಕಥೆಗಳೂ ಮಕ್ಕಳಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನಪ್ಪ ಬೆಳೆದ ಜೋಳವನ್ನು ಪುಸ್ತಕವೇ ಸುಳ್ಳೆನ್ನುವುದನ್ನು ಓದಿದ ಮಗು, ಮುಂದೊಂದು ದಿನ ಅಂಥದೇ ಮೇಜಿನ ಮುಂದೆ ನಿಂತಾಗ ಪೆನ್ನು ಚಾಚದೆ ಇರುವುದು ಕಷ್ಟ. ಆ ಸಾಲನ್ನು ಉಳಿಸಿದ್ದು ಆ ಮಗುವಿಗಾಗಿ.