ಟೈಫಾಯಿಡ್ ಬಂದ ಮಗುವಿಗೆ ಏನು ಉಣಿಸಬೇಕು?

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಟೈಫಾಯಿಡ್ ಬಂದಾಗ ಸಾಲ್ಮೊನೆಲ್ಲಾ ಟೈಫಿ, ವಿಡಾಲ್ ಪರೀಕ್ಷೆ, ಟೈಫಾಯಿಡ್ ಮೇರಿ ಎಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಮನೆಯಲ್ಲಿ ತಮ್ಮನಿಗೋ ತಂಗಿಗೋ ಈ ಜ್ವರ ಬಂದಾಗ ಏಳುವ ಪ್ರಶ್ನೆ ಬೇರೆ: ಮಗುವಿಗೆ ಊಟ ಕೊಡಬಹುದೇ?

"ಜ್ವರ ಬಿಡುವವರೆಗೆ ಅನ್ನ ಬೇಡ, ಗಂಜಿತಿಳಿ ಸಾಕು" ಎನ್ನುವ ಹಿರಿಯರು ಈಗಲೂ ಇದ್ದಾರೆ. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಈ ಬ್ಯಾಕ್ಟೀರಿಯಾ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹುಣ್ಣು ಮಾಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸುಮಾರು ಮೂರನೆಯ ವಾರದಲ್ಲಿ ಕರುಳು ತೂತಾಗುವುದೂ ಉಂಟು. ಹಿಂದೆ ವೈದ್ಯರೇ ಜ್ವರದವರನ್ನು ಉಪವಾಸ ಕೆಡವುತ್ತಿದ್ದರು. 19ನೆಯ ಶತಮಾನದಲ್ಲಿ ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ ಅದನ್ನು ವಿರೋಧಿಸಿದರು. ಜ್ವರದವರಿಗೆ ಉಣಿಸಿದವನೆಂದು ತಮ್ಮ ಸಮಾಧಿಯ ಮೇಲೆ ಬರೆಸಿರೆಂದು ಹೇಳಿದ್ದರಂತೆ.

ಲೆಕ್ಕ ಅವರ ಪರವಾಗಿದೆ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಶಕ್ತಿಯ ಖರ್ಚು ಶೇಕಡಾ 10ರಿಂದ 13ರಷ್ಟು ಏರುತ್ತದೆ. 40 ಡಿಗ್ರಿ ಜ್ವರವೆಂದರೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಖರ್ಚು. ಹೊರಗಿನಿಂದ ಏನೂ ಬಾರದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಎರಡು ವಾರದಲ್ಲಿ ಮಗು ಎಲುಬಿನ ಗೂಡಾಗುವುದು ಜ್ವರದಿಂದ ಮಾತ್ರವಲ್ಲ, ನಮ್ಮ ಪಥ್ಯದಿಂದಲೂ.

ಹಾಗೆಂದು ಬಿರಿಯಾನಿ ಬಡಿಸಬೇಕಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆ, ಒಂದು ಚಮಚ ತುಪ್ಪ. ಇಡ್ಲಿ, ರಾಗಿಗಂಜಿ, ಹಿಸುಕಿದ ಆಲೂಗಡ್ಡೆ, ಬಾಳೆಹಣ್ಣು, ಪೂರ್ತಿ ಬೇಯಿಸಿದ ಮೊಟ್ಟೆ, ಮೊಸರು. ಮೂರು ಹೊತ್ತು ತಟ್ಟೆ ತುಂಬ ಬಡಿಸಿ ಒತ್ತಾಯಿಸುವ ಬದಲು ಎರಡು ಮೂರು ಗಂಟೆಗೊಮ್ಮೆ ನಾಲ್ಕು ತುತ್ತು ಕೊಡಿ. ಜ್ವರ ಇಳಿದ ಹೊತ್ತು ನೋಡಿ ಉಣಿಸಿದರೆ ಮಗು ಹೆಚ್ಚು ತಿನ್ನುತ್ತದೆ. ಖಾರ, ಕರಿದದ್ದು, ಹಸಿ ತರಕಾರಿ ಸದ್ಯಕ್ಕೆ ಬೇಡ. ನೋಡಲು ಬಂದವರು ತರುವ ಬ್ರೆಡ್ಡು, ಬಿಸ್ಕತ್ತು ತಪ್ಪಲ್ಲ. ಅದರಲ್ಲೇ ದಿನ ದೂಡುವುದು ತಪ್ಪು. ಎದೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಲೇಬಾರದು.

ನೀರು ಕುದಿಸಿ ಆರಿಸಿದ್ದೇ ಆಗಿರಲಿ. ಭೇದಿಯಿದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಬೆರೆಸಬೇಕು. ಮೇರಿ ಅಡುಗೆಯವಳಾಗಿದ್ದಳು ಎಂಬುದು ನೆನಪಿರಲಿ: ಜ್ವರ ಬಿಟ್ಟ ಮೇಲೂ ಕೆಲವು ವಾರ ಮಲದಲ್ಲಿ ರೋಗಾಣು ಹೊರಬರಬಹುದು. ಮಗುವನ್ನು ತೊಳೆಸಿದ ಕೈ ಸೋಪು ಕಾಣದೆ ಅಡುಗೆಮನೆಗೆ ಹೋಗಬಾರದು.

ಆಂಟಿಬಯೋಟಿಕ್ ಶುರುವಾಗಿ ಕೆಲವು ದಿನಗಳಲ್ಲಿ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ಆಗ ಮಾತ್ರೆ ನಿಲ್ಲಿಸಬೇಡಿ. ವೈದ್ಯರು ಹೇಳಿದಷ್ಟು ದಿನ ಮುಗಿಸಿ. ಮುಂದಿನ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ, ಕಳೆದುಕೊಂಡ ತೂಕ ಬರುವುದು ಆಗಲೇ.

ಆದರೆ ಹೊಟ್ಟೆ ಬಿಗಿದು ವಿಪರೀತ ನೋವು, ಕಪ್ಪು ಅಥವಾ ರಕ್ತ ಬೆರೆತ ಮಲ, ನಿಲ್ಲದ ವಾಂತಿ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.